ಹಗೇವಿನ ಉಸಿರು

ಎರಡು ಸಂಗತಿಗಳನ್ನು ಕಣ್ಣಾರೆ ಕಂಡೆ ಎಂದು ಸುಮಾರು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಎರಡರ ಬಗ್ಗೆಯೂ ಈಗ ನನಗೆ ಭರವಸೆಯಿಲ್ಲ. ಜುಗೂಳದ ಒಂದು ಮನೆಯಲ್ಲಿ ಗೋಡೆಗೆ ಆತು ಕುಳಿತಿದ್ದ ಮುದುಕಿಯೊಬ್ಬಳ ಬೆರಳು ತಗಡಿನ ಡಬ್ಬಿಯ ಮೇಲೆ ಬೀಳುತ್ತಿದ್ದ ರೀತಿ, ಅದು ಒಂದು. ಅದೇ ಮುದುಕಿ ಕೆಲವು ವಾರಗಳ ನಂತರ ಒಂದು ಹಿಡಿ ಮಣ್ಣು ಹಿಡಿದುಕೊಂಡು ನಿಂತದ್ದು ಇನ್ನೊಂದು. ನಿಜವಾಗಿ ನೋಡಿದೆನೋ, ಆಮೇಲೆ ವಿಷಯ ತಿಳಿದ ಮೇಲೆ ನೋಡಿದಂತೆ ಅನ್ನಿಸಿತೋ? ಟೇಪನ್ನು ಎಷ್ಟು ಸಲ ಕೇಳಿದರೂ ಅದರಲ್ಲಿದ್ದದ್ದೇ ಇರುತ್ತದೆ. ನೆನಪನ್ನು ಪ್ರತಿ ಸಲ ಹಾಕಿದಾಗಲೂ ಅದರ ಮೇಲೆ ಹೊಸದೇನೋ ರೆಕಾರ್ಡ್ ಆಗಿಬಿಡುತ್ತದೆ.

ನಾನು ಕೆಲಸ ಮಾಡಿದ್ದು ಚಿಕ್ಕೋಡಿಯ ಒಂದು ತಾಂತ್ರಿಕ ಕಾಲೇಜಿನ ಕಂಪನ ಪರೀಕ್ಷಾ ವಿಭಾಗದಲ್ಲಿ. ಓದಿದ್ದು ಧಾರವಾಡದಲ್ಲಿ ಭೌತಶಾಸ್ತ್ರ. ಸುತ್ತಲಿನ ಸಕ್ಕರೆ ಕಾರ್ಖಾನೆ, ಎಣ್ಣೆ ಗಿರಣಿ, ನೀರೆತ್ತುವ ಪಂಪುಗಳ ಯಂತ್ರಗಳು ವಿಚಿತ್ರವಾಗಿ ಸಪ್ಪಳ ಮಾಡತೊಡಗಿದರೆ ನಮ್ಮನ್ನು ಕರೆಯುತ್ತಿದ್ದರು. ನಾವು ಸಪ್ಪಳವನ್ನು ಟೇಪಿಗೆ ಹಿಡಿದು ತಂದು ಕಂಪ್ಯೂಟರಿಗೆ ಊಡುತ್ತಿದ್ದೆವು. ಅದರಲ್ಲಿದ್ದ ಲೆಕ್ಕದ ಸಾಫ್ಟ್‌ವೇರು ಕಲಬೆರಕೆ ಸಪ್ಪಳವನ್ನು ಬಿಡಿಸಿ, ಸೆಕೆಂಡಿಗೆ ಇಷ್ಟು ಸಲ ನಡುಗುವುದು ಇಷ್ಟು, ಅಷ್ಟು ಸಲ ನಡುಗುವುದು ಅಷ್ಟು ಎಂದು ಗ್ರಾಫಿನಲ್ಲಿ ಶಿಖರಗಳಾಗಿ ತೋರಿಸುತ್ತಿತ್ತು. ಮಿಶ್ರ ಹಿಟ್ಟನ್ನು ಮುಂದಿಟ್ಟರೆ ಜೋಳ ಎಷ್ಟು, ಗೋಧಿ ಎಷ್ಟು, ಕಡಲೆ ಎಷ್ಟು ಎಂದು ಬೇರೆ ಮಾಡಿ ಕೊಟ್ಟ ಹಾಗೆ. ಈಗ ಈ ಕೆಲಸಕ್ಕೆ ಸೇರುವವರಿಗೆ ಅದು ಒಂದು ಸಾಲಿನ ಆದೇಶ. ನಮಗೆ ಗುಂಡಿ ಒತ್ತಿ ಚಹಾ ಕುಡಿದು ಬರುವಷ್ಟು ಹೊತ್ತಿನ ಕೆಲಸ.

ಮೊದಲು ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಈ ಕೆಲಸಕ್ಕೆ ಬಂದರೆ ನೀವೂ ಇದನ್ನು ಮಾಡುತ್ತೀರಿ. ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗ ತಾಲೂಕಿನ ಒಂದು ಕಾರ್ಖಾನೆಯ ಗೇರ್‌ಬಾಕ್ಸಿನಲ್ಲಿ ಸೆಕೆಂಡಿಗೆ ಹತ್ತು ಸಲದ ಕಂಪನ ಕಂಡಿತು. ಬುಡವೇ ಸಡಿಲಾಗಿದೆ, ಬಿಚ್ಚಿ ನೋಡಬೇಕು ಎಂದೆ. ಅಲ್ಲಿನ ಹಳೆಯ ಫಿಟ್ಟರ್ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ ಕೇಳಿದ. "ಬುಡಾ ಗಟ್ಟಿ ಐತ್ರಿ ಸಾಹೇಬ್ರ. ಹಲ್ಲ ಸವದಾವ, ಅಷ್ಟ" ಎಂದ. ನಾನು ನಕ್ಕೆ. ಎರಡು ದಿನ ಯಂತ್ರ ನಿಲ್ಲಿಸಿ ಬಿಚ್ಚಿಸಿದೆ. ಬುಡ ಗಟ್ಟಿಯಾಗಿಯೇ ಇತ್ತು. ನಾವು ಸೆಕೆಂಡಿಗೆ ಇನ್ನೂರು ಸಲ ಮಾತ್ರ ಅಳೆಯುತ್ತಿದ್ದೆವು. ಸವೆದ ಹಲ್ಲುಗಳು ನೂರಾ ತೊಂಬತ್ತು ಸಲ ನಡುಗುತ್ತಿದ್ದವು. ಅಳತೆ ಸಾಲದೆ ಬಂದಾಗ ವೇಗದ ಕಂಪನ ನಿಧಾನದ ವೇಷ ಹಾಕಿಕೊಂಡು ಕಾಣಿಸಿಕೊಳ್ಳುತ್ತದೆ, ಟೂರಿಂಗ್ ಟಾಕೀಸಿನ ಪರದೆಯ ಮೇಲೆ ಟಾಂಗಾದ ಗಾಲಿ ಹಿಂದಕ್ಕೆ ತಿರುಗಿದಂತೆ.

ನಮ್ಮ ವಿಭಾಗದ ಮುಖ್ಯಸ್ಥರು ಕುಲಕರ್ಣಿ ಸರ್. ಒಳ್ಳೆಯವರು, ಆದರೆ ಒಂದೇ ಹಟ. "ಮೊದಲ ಗದ್ಲಾ ತಗೀರಿ, ಆಮ್ಯಾಲ ಗ್ರಾಫ್ ತೋರಸ್ರಿ." ಯಾರೋ ಕೆಮ್ಮಿದ್ದು, ಬಾಗಿಲು ಬಡಿದದ್ದು, ಹಕ್ಕಿ ಕೂಗಿದ್ದು, ಕೆಲಸಕ್ಕೆ ಸಂಬಂಧವಿಲ್ಲದ ಯಾವುದೇ ಸಪ್ಪಳ ಟೇಪಿನಲ್ಲಿದ್ದರೂ ಅದನ್ನು ಕತ್ತರಿಸಿ ಸೊನ್ನೆ ತುಂಬಬೇಕು. ಗದ್ದಲ ತೆಗೆಯುವುದರಲ್ಲಿ ನಾನು ಬಹಳ ಪಳಗಿದೆ.

ಇನ್ನು ಜುಗೂಳದ ಮಾತು. ಇದು ತೊಂಬತ್ತರ ದಶಕದ ಆರಂಭ.

ನಮ್ಮ ಪ್ರಯೋಗಶಾಲೆಯ ಅಟೆಂಡರ್ ಬಸಪ್ಪ ಐಗಳಿಯವನು, ನನಗಿಂತ ಹಿರಿಯ. ಒಂದು ಮಧ್ಯಾಹ್ನ ವೈರು ಸುತ್ತುತ್ತ ನಿಂತವನು ಕೇಳಿದ: "ಸರ್ರ, ನಿಮ್ಮ ಮಶೀನಿಗೆ ಮನಶ್ಯಾರಿಗೆ ಕೇಳಸದ್ದ ಸಪ್ಪಳ ಕೇಳಸತೈತೇನ್ರಿ?"

"ಯಾಕ ಬಸಪ್ಪಾ?"

"ನಮ್ಮ ಶಾಂತವ್ವಗ ಕೇಳಸಾಕತ್ತೈತ್ರಿ. ಆಕಿ ಗಂಡನ ಮನ್ಯಾಗ ಯಾರಿಗೂ ಕೇಳಸವಲ್ದಂತ."

ಶಾಂತವ್ವ ಅವನ ಮಗಳು. ಎರಡು ವರ್ಷದ ಹಿಂದೆ ಜುಗೂಳಕ್ಕೆ ಕೊಟ್ಟಿದ್ದ. ಗಂಡ ಮಲ್ಲಪ್ಪ ಕಬ್ಬು ಬೆಳೆಯುವವನು, ಅತ್ತೆ ನೀಲವ್ವ, ಮಾವ ದಮ್ಮಿನ ರೋಗದಿಂದ ನರಳಿ ಹಿಂದಿನ ವರ್ಷ ತೀರಿಕೊಂಡಿದ್ದ. ಆ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಹಗೇವು ಇತ್ತು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕೋಣೆ, ಮೇಲೆ ಕಲ್ಲಿನ ಮುಚ್ಚಳ. ಜೋಳ ಬಿಟ್ಟು ಕಬ್ಬು ಹಿಡಿದ ಮೇಲೆ ಅದು ಬರಿದಾಗಿತ್ತು. ಮುದುಕನ ಹಾಸಿಗೆ ಅದರ ಪಕ್ಕದಲ್ಲೇ ಇರುತ್ತಿತ್ತಂತೆ. ಈಗ ಆ ಬರಿದಾದ ಹಗೇವಿನೊಳಗಿಂದ ಯಾರೋ ಉಸಿರಾಡುವುದು ಶಾಂತವ್ವನಿಗೆ ಕೇಳುತ್ತಿತ್ತು.

ಮೊದಮೊದಲು ಮನೆಯವರು ಹೆದರಿದರು. ಆಮೇಲೆ ಹುಡುಗಿಯ ತಲೆ ಕೆಟ್ಟಿದೆ ಎಂದರು. ತವರಿಗೆ ಕಳಿಸಿಬಿಡುವ ಮಾತು ನಡೆದಿತ್ತು, ಒಂದೆರಡು ತಿಂಗಳಿಗಲ್ಲ, ಖಾಯಂ ಆಗಿ. "ಮಶೀನ್ ತಂದ ನೋಡಲಿ. ಖರೇನ ಇದ್ರ ಇರತಾಳ, ಇಲ್ಲಂದ್ರ ಹೋಗತಾಳ" ಎಂದು ಮಲ್ಲಪ್ಪನೇ ಹೇಳಿ ಕಳಿಸಿದ್ದ.

ನನಗೆ ಹುರುಪು ಬಂತು. ದೆವ್ವವನ್ನು ಗ್ರಾಫಿಗೆ ಏರಿಸುವ ಅವಕಾಶ ಯಾರಿಗೆ ಬೇಡ?

ನಾವು ಹೋದಾಗ ಪಡಸಾಲೆಯ ತುಂಬ ಓಣಿಯ ಜನ. ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ನೀಲವ್ವ ಹಗೇವಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ತಿಕ್ಕಿಕೊಳ್ಳುತ್ತಿದ್ದಳು. ನಮ್ಮ ಕಡೆ ಮುದುಕಿಯರು ಅದಕ್ಕೆ ಮಿಶ್ರಿ ಅನ್ನುತ್ತಾರೆ. ಸಣ್ಣ ತಗಡಿನ ಡಬ್ಬಿಯಲ್ಲಿ ಸದಾ ಮಡಿಲಲ್ಲೇ ಇರುತ್ತದೆ.

"ನಿಮಗೇನಾರ ಕೇಳಸತೈತೇನ್ರೆವಾ?" ಎಂದೆ.

"ನನಗೇನೂ ಕೇಳಸಂಗಿಲ್ಲಪಾ ತಮ್ಮಾ. ನಲವತ್ತ ವರ್ಷ ಬಾಳೇವು ಮಾಡೇನಿ ಈ ಮನ್ಯಾಗ. ಉಸರಿಲ್ಲ, ಗಿಸರಿಲ್ಲ. ಹುಡಗೀದು ತಲಿ ಸುದ್ದ ಇಲ್ಲ."

ಟೇಪ್ ರೆಕಾರ್ಡರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಮೈಕನ್ನು ಹಗೇವಿನ ಬಾಯಿಯ ಹತ್ತಿರ ಇಟ್ಟೆ. ಜನರನ್ನು ಸುಮ್ಮನಿರಿಸಲು ಆಗಲಿಲ್ಲ. ಐದು ನಿಮಿಷ ಹಿಡಿದು ಚಿಕ್ಕೋಡಿಗೆ ಮರಳಿದೆ. ಗದ್ದಲವಿಲ್ಲದ ಒಂದೊಂದು ಸೆಕೆಂಡಿನ ತುಂಡುಗಳನ್ನು ಆರಿಸಿ ಕಂಪ್ಯೂಟರಿಗೆ ಕೊಟ್ಟೆ. ಎಲ್ಲ ತುಂಡುಗಳಲ್ಲೂ ಒಂದೇ ದಪ್ಪ ಶಿಖರ, ಸೆಕೆಂಡಿಗೆ ಸುಮಾರು ತೊಂಬತ್ತೇಳು ಸಲ. ಕರೆಂಟಿನ ಗುಂಯ್. ಪ್ಲಗ್ಗಿಗೆ ಚುಚ್ಚಿದ ರೆಕಾರ್ಡರಿನಲ್ಲಿ ಅದು ತಾನಾಗಿಯೇ ಬರುತ್ತದೆ. ಕುಲಕರ್ಣಿ ಸರ್ ನೋಡಿ ತಲೆಯಾಡಿಸಿದರು. "ವಿದ್ಯುತ್ತಿನ ಗುಂಯ್‌ಗುಡುವಿಕೆಯ ಹೊರತು ಬೇರೆ ಶಬ್ದ ದಾಖಲಾಗಿಲ್ಲ" ಎಂದು ವಿಭಾಗದ ಕಾಗದದ ಮೇಲೆ ಬರೆದು ಠಸ್ಸೆ ಹೊಡೆದು ಕೊಟ್ಟೆ.

ಆ ಕಾಗದ ಏನು ಮಾಡುತ್ತದೆಂದು ನಾನು ಯೋಚಿಸಿರಲಿಲ್ಲ. ಮಲ್ಲಪ್ಪ ಅದನ್ನು ಓಣಿಯಲ್ಲೆಲ್ಲ ಓದಿಸಿದ. "ಸಾಹೇಬ್ರ ಬರದ ಕೊಟ್ಟಾರ" ಎಂದ. ವಾರದೊಳಗೆ ಶಾಂತವ್ವ ತನ್ನ ಟ್ರಂಕಿನ ಸಮೇತ ಐಗಳಿಗೆ ಬಂದಳು.

ಬಸಪ್ಪ ನನ್ನನ್ನು ಬೈಯಲಿಲ್ಲ. ಎಂದಿನಂತೆ ಬಂದು ಬೆಂಚು ಒರೆಸಿದ, ವೈರು ಸುತ್ತಿದ. "ಸರ್ರ" ಎಂಬ ಒಂದು ಮಾತಷ್ಟೇ ಬಿಟ್ಟುಹೋಯಿತು. ಅದನ್ನು ತಡೆಯಲಾರದೆ ಒಂದು ರವಿವಾರ ನಾನೇ ಐಗಳಿಗೆ ಹೋದೆ.

ಶಾಂತವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಎದ್ದು ನಿಂತಳು, ಆದರೆ ಮೊರ ಕೆಳಗಿಡಲಿಲ್ಲ.

"ಉಸರ ಹೆಂಗಿರತಿತ್ತವಾ, ನನ್ನ ಮುಂದ ಒಮ್ಮೆ ಹೇಳು" ಎಂದೆ.

"ಹೇಳಿ ಏನ ಮಾಡೂದೈತ್ರಿ? ನೀವು ಬರದ ಕೊಟ್ಟೀರಿ."

"ಬರದದ್ದ ತಪ್ಪಿರಬೌದು."

ಮೊರದಲ್ಲಿ ಕಾಳನ್ನು ಒಂದು ಸುತ್ತು ತಿರುಗಿಸಿದಳು. "ಒಂದೊಂದ ದಿನಾ ಮಲಗಿದವರಂಗ ಸಾವಕಾಶ ಆಡತೈತ್ರಿ. ಒಂದೊಂದ ದಿನಾ ಏದುಸಿರು. ನಮ್ಮ ಮಾವಗ ದಮ್ಮ ಹತ್ತಿದಾಗ ಆಡತಿತ್ತಲ್ರಿ, ಹಂಗ. ಲೈಟ್ ಹೋದಾಗ ಉಸರ ಕಟ್ಟತೈತಿ. ಗುಂಯ್ ಅನ್ನೂದಷ್ಟ ಉಳೀತೈತಿ."

ನಾನು ನೆಟ್ಟಗೆ ಕುಳಿತೆ. ಲೋಡ್ ಶೆಡ್ಡಿಂಗಿಗೆ ತಲೆಬಾಗುವ ದೆವ್ವದ ಬಗ್ಗೆ ನಾನು ಕೇಳಿರಲಿಲ್ಲ.

"ನೀವ ಎಷ್ಟೊತ್ತ ಕೇಳಿದ್ರಿ?" ಎಂದು ಅವಳೇ ಕೇಳಿದಳು.

"ಟೇಪ್ ಐದು ನಿಮಿಷ. ಕಂಪ್ಯೂಟರಿಗೆ ಒಮ್ಮೆಗೆ ಒಂದ ಸೆಕೆಂಡು ಕೊಡತೇವಿ."

"ಒಂದ ಸೆಕೆಂಡಿನ್ಯಾಗ ಉಸರ ಹೆಂಗ ಗೊತ್ತಾಗತೈತ್ರಿ? ತಗೊಂಡಿದ್ದ ಉಸರ ಬಿಡಾಕರ ಟೈಮ್ ಬೇಕಲ್ರಿ."

ಎಂ.ಎಸ್ಸಿ.ಯಲ್ಲಿ ನಾನು ಬಂಗಾರದ ಪದಕದವನು. ಒಂದಕ್ಕೊಂದು ಅಂಟಿಕೊಂಡ ಎರಡು ಶಿಖರಗಳು ಬೇರೆ ಬೇರೆ ಕಾಣಬೇಕಾದರೆ ಹೆಚ್ಚು ಹೊತ್ತಿನ ತುಂಡು ಬೇಕು ಎಂಬುದು ಈ ಲೆಕ್ಕದ ಮೊದಲ ಪಾಠ. ಕಡಿಮೆ ಹೊತ್ತು ಕೇಳಿದರೆ ಎರಡೂ ಕರಗಿ ಒಂದು ದಪ್ಪ ಶಿಖರವಾಗುತ್ತವೆ. ಆ ಪಾಠವನ್ನು ನಾನು ಪ್ರತಿ ವರ್ಷ ಹುಡುಗರಿಗೆ ಹೇಳುತ್ತಿದ್ದೆ. ಅದೇ ಪಾಠವನ್ನು ಐಗಳಿಯ ಅಂಗಳದಲ್ಲಿ ಮೊರ ಹಿಡಿದ ಹುಡುಗಿ ನನಗೆ ಹೇಳಿದಳು.

ಎರಡನೇ ಸಲ ಜುಗೂಳಕ್ಕೆ ಒಬ್ಬನೇ ಹೋದೆ, ನಡುಮಧ್ಯಾಹ್ನ, ರೆಕಾರ್ಡರಿಗೆ ಹೊಸ ಸೆಲ್ಲುಗಳನ್ನು ಹಾಕಿಕೊಂಡು. ಮಲ್ಲಪ್ಪ ಹೊಲದಲ್ಲಿದ್ದ. ನೀಲವ್ವ ಒಬ್ಬಳೇ, ಅದೇ ಗೋಡೆಗೆ ಆತು, ಮಡಿಲಲ್ಲಿ ಡಬ್ಬಿ.

"ಮತ್ತ್ಯಾಕ ಬಂದೆಪಾ ತಮ್ಮಾ? ಒಮ್ಮೆ ನೋಡಿ ಹೋಗಿದ್ಯೆಲ್ಲ."

"ಇನ್ನೊಮ್ಮೆ ನೋಡತೇನ್ರಿ, ಬಿಟ್ಟದ್ದೇನರ ಐತೇನಂತ."

"ನೋಡು. ನನಗೇನೂ ಕೇಳಸಂಗಿಲ್ಲ" ಎಂದಳು, ನಾನು ಆ ಪ್ರಶ್ನೆ ಎತ್ತದಿದ್ದರೂ.

ಕಲ್ಲಿನ ಮುಚ್ಚಳ ಸರಿಸಿ, ಮೈಕನ್ನು ದಾರಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟೆ. ಆಳ ಒಬ್ಬ ಮನುಷ್ಯ ನಿಲ್ಲುವಷ್ಟು. ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಬರೀ ಗುಂಯ್. ಆಮೇಲೆ ಆ ಗುಂಯ್ ಉಬ್ಬಿತು. ಇಳಿಯಿತು. ಪೂರ್ತಿ ಆರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಮೆಲ್ಲಗೆ ಉಬ್ಬಿತು. ಮೂರು ಸೆಕೆಂಡಿಗೆ ಒಂದು ಸಲ. ಎಳೆದುಕೊಂಡು, ತುಸು ತಡೆದು, ಬಿಟ್ಟಂತೆ. ಎಷ್ಟು ಹೊತ್ತು ಕೇಳುತ್ತ ಕುಳಿತೆನೋ ತಿಳಿಯದು. ನನ್ನ ಉಸಿರೇ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದೆ ಎಂದು ಗೊತ್ತಾದಾಗ ಹೆಡ್‌ಫೋನನ್ನು ಕಿತ್ತು ಕೆಳಗಿಟ್ಟೆ. ಇಟ್ಟ ಮೇಲೂ ಕೇಳುತ್ತಿತ್ತು. ನಡುಮಧ್ಯಾಹ್ನದ ಬಿಸಿಲು ಬಾಗಿಲ ತನಕ ಬಂದಿತ್ತು, ನನ್ನ ಕುತ್ತಿಗೆಯ ಹಿಂದೆ ಮಾತ್ರ ತಣ್ಣಗಾಗಿತ್ತು. ನೀಲವ್ವನ ಕಡೆ ನೋಡಿದೆ. ಆಕೆ ಬಾಗಿಲಾಚೆ ನೋಡುತ್ತಿದ್ದಳು. ಬೆರಳು ಡಬ್ಬಿಯ ಮುಚ್ಚಳದ ಮೇಲೆ ಟಕ್ ಎಂದಿತು. ಸುಮ್ಮನಾಯಿತು. ಟಕ್ ಎಂದಿತು.

ಇದೇ ನಾನು ಹೇಳಿದ ಮೊದಲ ಸಂಗತಿ. ಅದು ಉಸಿರಿನ ಜೊತೆಗೇ ಬೀಳುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಒಂದೇ: ಈ ಮುದುಕಿ ನನ್ನ ಟೇಪು ಕೆಡಿಸುತ್ತಿದ್ದಾಳೆ.

ಹದಿನಾಲ್ಕನೇ ನಿಮಿಷದ ಸುಮಾರಿಗೆ ಮನೆಯ ಫ್ಯಾನು ನಿಂತಿತು, ಕರೆಂಟ್ ಹೋಯಿತು. ಶಾಂತವ್ವ ಹೇಳಿದಂತೆಯೇ ಉಸಿರು ಕಟ್ಟಿತು; ಸಪಾಟಾದ ಒಂದೇ ಗುಂಯ್ ಉಳಿಯಿತು. ಟೇಪು ಮುಗಿಯುವವರೆಗೆ ಬಿಟ್ಟು ಎದ್ದೆ.

ಊರ ಪಂಪ್‌ಹೌಸು ಮನೆಯಿಂದ ಕೂಗಳತೆಯಲ್ಲಿ, ನದಿಯ ದಂಡೆಯ ಮೇಲಿತ್ತು. ನದಿಯಾಚೆ ಮಹಾರಾಷ್ಟ್ರ, ಅಲ್ಲಿಯೂ ಎದುರಿಗೇ ಒಂದು ಪಂಪ್‌ಹೌಸು. ಈಚೆಯದರ ಆಪರೇಟರ್ ಇಮಾಮಸಾಬ ಕರೆಂಟಿಲ್ಲದೆ ಮೆಟ್ಟಿಲ ಮೇಲೆ ಕುಳಿತಿದ್ದ. ಗುಂಯ್ ಮಾತ್ರ ನದಿಯಾಚೆಯಿಂದ ಬರುತ್ತಲೇ ಇತ್ತು.

"ಆಚಿ ಮೋಟರ್ ನಡದೈತಲ್ಲ?" ಎಂದೆ.

"ಆಚಿ ದಂಡಿ ಕರೆಂಟ ಬ್ಯಾರೆ ಐತ್ರಿ ಸಾಹೇಬ್ರ, ಈಚಿ ದಂಡೀದ ಬ್ಯಾರೆ. ನಮ್ಮದ ಹೋದ್ರ ಅವರದ ಇರತೈತಿ. ಎರಡರದ್ದೂ ಹೆಜ್ಜೀನ ಕೂಡಂಗಿಲ್ಲ." ಗೋಡೆಯ ಮೇಲಿನ ಹಳೆಯ ಮೀಟರು ತೋರಿಸಿದ. ಅದರಲ್ಲಿ ಸಾಲಾಗಿ ಸಣ್ಣ ಉಕ್ಕಿನ ಕಡ್ಡಿಗಳು. ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೋ ಆ ಅಳತೆಯ ಕಡ್ಡಿ ಮಾತ್ರ ನಡುಗುತ್ತದೆ. "ಐವತ್ತರದ ಕಡ್ಡಿ ಕುಣಿಬೇಕ್ರಿ. ನಮ್ಮದು ನಲವತ್ತೆಂಟೂವರೀದ ಕುಣೀತೈತಿ. ನಮ್ಮ ಮಾವನ ಮಗ ಆಚೆಕಡೆ ಆಪರೇಟರ ಅದಾನ. ಅವರದ ಒಂದ ಕೂದಲೆಳಿ ಹೆಚ್ಚ ಇರತೈತಂತ. ಅದರಾಗ ಏನೂ ಭಾನಗಡಿ ಇಲ್ಲ ಬಿಡ್ರಿ, ನೀರ ಬರತೈತಿ."

ನನ್ನ ಕಂಪ್ಯೂಟರ್ ಮಾಡುವುದನ್ನು ಆ ಕಡ್ಡಿಗಳು ಎಷ್ಟೋ ವರ್ಷಗಳಿಂದ ಮಾಡುತ್ತಿದ್ದವು.

ಚಿಕ್ಕೋಡಿಯಲ್ಲಿ ಈ ಸಲ ಮೂವತ್ತೆರಡು ಸೆಕೆಂಡಿನ ತುಂಡುಗಳನ್ನು ಕೊಟ್ಟೆ. ಮೊದಲ ಗ್ರಾಫು ಕೆಟ್ಟದಾಗಿ ಬಂತು. ಮುದುಕಿಯ ಟಕ್ ಟಕ್‌ನಿಂದ ಪುಟದ ತುಂಬ ಹುಲ್ಲು ಎದ್ದಿತ್ತು. ಅಂಥ ಚುಟುಕು ಸಪ್ಪಳ ಎಲ್ಲ ಕಂಪನಗಳಲ್ಲೂ ಸ್ವಲ್ಪ ಸ್ವಲ್ಪ ಹರಡಿಕೊಳ್ಳುತ್ತದೆ. "ಗದ್ಲಾ ತಗೀರಿ" ಎಂದರು ಕುಲಕರ್ಣಿ ಸರ್. ಒಂದೊಂದೇ ಟಕ್ಕನ್ನು ಹುಡುಕಿ ಸೊನ್ನೆ ತುಂಬಿದೆ. ಕರೆಂಟ್ ಹೋದ ನಂತರದ ಭಾಗವನ್ನು ಪೂರ್ತಿ ಕೈಬಿಟ್ಟೆ. ಮತ್ತೆ ಗುಂಡಿ ಒತ್ತಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಕಾಗದ ಕಿರುಗುಟ್ಟುತ್ತ ಮೇಲೆ ಬಂತು. ದಪ್ಪ ಶಿಖರ ನಡುವೆ ಸೀಳಿತ್ತು. ಎರಡು ತೆಳ್ಳನೆಯ ಶಿಖರಗಳು, ನಡುವೆ ಮೂರು ಸೆಕೆಂಡಿಗೆ ಒಂದು ಸಲದಷ್ಟು ಅಂತರ. ಬಸಪ್ಪ ಹಿಂದೆ ನಿಂತಿದ್ದ.

"ಎರಡ ಅದಾವಲ್ರಿ ಸರ್ರ" ಎಂದ.

ಎರಡು ದಂಡೆಯ ಎರಡು ಗುಂಯ್. ಮೋಟರು ಕರೆಂಟಿನ ಒಂದೊಂದು ಮಿಡಿತಕ್ಕೆ ಎರಡೆರಡು ಸಲ ನಡುಗುತ್ತದೆ, ಆದ್ದರಿಂದ ನಲವತ್ತೆಂಟೂವರೆ ತೊಂಬತ್ತೇಳಾಗುತ್ತದೆ. ಇಬ್ಬರು ನಡೆಯುವಾಗ ಒಬ್ಬನ ಹೆಜ್ಜೆ ಕೂದಲೆಳೆ ಚುರುಕಾಗಿದ್ದರೆ ಒಮ್ಮೆ ಹೆಜ್ಜೆಗಳು ಕೂಡುತ್ತವೆ, ಒಮ್ಮೆ ತಪ್ಪುತ್ತವೆ. ಕೂಡಿದಾಗ ಸಪ್ಪಳ ಉಬ್ಬುತ್ತದೆ, ತಪ್ಪಿದಾಗ ಆರುತ್ತದೆ. ಬರಿದಾದ ಹಗೇವಿನ ಆಳ ಸರಿಯಾಗಿ ಆ ಗುಂಯ್‌ಗೆ ದನಿಗೂಡಿಸುವ ಅಳತೆಯದಾಗಿತ್ತು. ಜೋಳ ತುಂಬಿದ್ದರೆ ಏನೂ ಕೇಳುತ್ತಿರಲಿಲ್ಲ. ಎರಡು ಕರೆಂಟುಗಳ ಅಂತರ ಹೆಚ್ಚಾದ ದಿನ ಏದುಸಿರು, ಕಡಿಮೆಯಾದ ದಿನ ನಿದ್ದೆಯ ಉಸಿರು.

ಇದನ್ನೆಲ್ಲ ನಾನು ಮಲ್ಲಪ್ಪನ ಪಡಸಾಲೆಯಲ್ಲಿ ಗ್ರಾಫು ಹರವಿ ಹೇಳಿದೆ. ನನ್ನ ಹಳೆಯ ಕಾಗದವನ್ನು ಕೇಳಿ ಪಡೆದು, ಅವನೆದುರಿಗೇ ಹರಿದೆ. ಅವನು ಬಗ್ಗಿ ಚೂರುಗಳನ್ನು ಆಯ್ದುಕೊಂಡ. "ಹಂಗಾರ ಆಕಿ ಖರೇನ ಹೇಳ್ಯಾಳ" ಎಂದ. "ನಾ ನಾಳೇನ ಐಗಳಿಗಿ ಹೋಗತೇನ್ರಿ. ಮೊದಲ ಇದನ್ನ ಮುಚ್ಚಬೇಕು."

ಗೋಡೆಯ ಕಡೆಯಿಂದ ನೀಲವ್ವ ಕೇಳಿದಳು. "ಹಂಗಾರ ಅದು ಅವರಲ್ಲೇನಪಾ?"

"ಯಾರು?"

ಆಕೆ ಹಗೇವಿನ ಪಕ್ಕ ಹಾಸಿಗೆಯಿದ್ದ ಜಾಗವನ್ನು ಸೆರಗಿನಿಂದ ಒರೆಸಿದಳು. ನಾನು ಅರ್ಥವಾದವನಂತೆ ನಕ್ಕು, "ಅಲ್ರೆವಾ, ಬರೇ ಕರೆಂಟ" ಎಂದೆ. ಅಂಥ ಹೊತ್ತಿನಲ್ಲಿ ನಗಬಾರದೆಂದು ನನಗೆ ಯಾವ ಯುನಿವರ್ಸಿಟಿಯೂ ಕಲಿಸಿರಲಿಲ್ಲ.

ಹಗೇವು ತುಂಬಿಸುವ ದಿನ ನನ್ನನ್ನೂ ಕರೆದಿದ್ದರು. ಶಾಂತವ್ವ ಬಂದಿದ್ದಳು, ಬಸಪ್ಪನೂ. ಗಾಡಿಯಲ್ಲಿ ಹೊಲದ ಮಣ್ಣು ತಂದು ಬುಟ್ಟಿ ಬುಟ್ಟಿಯಾಗಿ ಸುರಿದರು. ನೀಲವ್ವ ಮುಂದೆ ಬಂದು, ಬಗ್ಗಿ, ಒಂದು ಹಿಡಿ ಮಣ್ಣೆತ್ತಿ ಹಗೇವಿನ ಬಾಯಿಯೊಳಗೆ ಬಿಟ್ಟಳು. ನಮ್ಮಲ್ಲಿ ಸತ್ತವರನ್ನು ಹೂಳುವಾಗ ಮನೆಯವರು ಹೀಗೆಯೇ ಮಣ್ಣು ಬಿಡುತ್ತಾರೆ. "ಅತ್ತಿ, ನೀವ್ಯಾಕ ಕೈ ಹೊಲಸ ಮಾಡ್ಕೋತೀರಿ" ಎಂದಳು ಶಾಂತವ್ವ. ಈ ಎರಡನೇ ಸಂಗತಿಯನ್ನು ಪರೀಕ್ಷಿಸುವ ದಾರಿ ನನಗಿಲ್ಲ. ಬಸಪ್ಪ ಈಗಿಲ್ಲ. ಶಾಂತವ್ವನನ್ನು ಹೋದ ವರ್ಷ ಕೇಳಿದೆ. ಮೊಮ್ಮಕ್ಕಳ ನಡುವೆ ಕುಳಿತಿದ್ದಳು. "ಅತ್ತಿ ಮಣ್ಣ ಹಾಕಿದ್ರೇನ್ರಿ? ನನಗ ನೆನಪಿಲ್ಲ" ಎಂದಳು. ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಈಗ ದೇಶದ ಕರೆಂಟೆಲ್ಲ ಒಂದೇ ಜಾಲ. ಎರಡೂ ದಂಡೆಯ ಮೋಟರುಗಳು ಹೆಜ್ಜೆ ಕೂಡಿಸಿಯೇ ನಡೆಯುತ್ತವೆ. ಆ ಉಸಿರನ್ನು ಇನ್ನು ಯಾರೂ ಕೇಳಲಾರರು.

ಆದರೆ ಕ್ಯಾಸೆಟ್ ನನ್ನ ಹತ್ತಿರ ಉಳಿದಿತ್ತು. ನಿವೃತ್ತನಾದ ಮೇಲೆ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಪುಕ್ಕಟೆ ಸಿಗುವ ಒಂದು ಲೆಕ್ಕದ ಸಾಫ್ಟ್‌ವೇರಿನಲ್ಲಿ ತೆರೆದೆ. ಈ ಸಲ ಗದ್ದಲ ತೆಗೆಯಲಿಲ್ಲ. ಉಸಿರಿನ ಉಬ್ಬಿಳಿತವನ್ನು ಒಂದು ಗೆರೆಯಾಗಿ ಬರೆದು, ಅದರ ಕೆಳಗೆ ನಾನು ಅಂದು ಸೊನ್ನೆ ಮಾಡಿದ, ಕೈಬಿಟ್ಟ ಪ್ರತಿಯೊಂದು ಟಕ್ಕನ್ನೂ ಚುಕ್ಕೆಯಾಗಿ ಗುರುತಿಸಿದೆ. ಪ್ರತಿ ಚುಕ್ಕೆಯೂ ಉಸಿರು ತುಂಬಿದ ತುದಿಗೇ ಬಿದ್ದಿದೆ. ಆರನೇ ನಿಮಿಷದಲ್ಲಿ ಉಸಿರು ಚುರುಕಾಗುತ್ತದೆ, ಟಕ್ಕೂ ಚುರುಕಾಗುತ್ತದೆ. ಒಂಬತ್ತನೆಯದರಲ್ಲಿ ನಿಧಾನವಾಗುತ್ತದೆ, ಟಕ್ಕೂ ನಿಧಾನವಾಗುತ್ತದೆ. ನೀಲವ್ವನಿಗೆ ಕೇಳುತ್ತಿತ್ತು.

ಹದಿನಾಲ್ಕನೇ ನಿಮಿಷಕ್ಕೆ ಈಚೆ ದಂಡೆಯ ಕರೆಂಟ್ ಹೋಗುತ್ತದೆ. ಉಬ್ಬಿಳಿತ ನಿಂತು ಗೆರೆ ಸಪಾಟಾಗುತ್ತದೆ. ಅದಾದ ಮೇಲೆ ಇನ್ನೂ ನಾಲ್ಕು ಚುಕ್ಕೆಗಳಿವೆ, ಮೂರು ಅದೇ ಅಂತರದಲ್ಲಿ, ನಾಲ್ಕನೆಯದು ತುಸು ತಡವಾಗಿ. ಐದನೆಯದಕ್ಕಾಗಿ ಟೇಪಿನ ಕೊನೆಯವರೆಗೂ ಹುಡುಕಿದೆ. ಇಲ್ಲ.